ಪಕ್ಕದೆಲೆಯ ನೊಣ

ರಾತ್ರಿ ಊಟದ ಹೊತ್ತಿಗೆ ಟಿ.ವಿ. ಹಾಕುವುದು ನನಗೆ ಇಷ್ಟವಿಲ್ಲ. ಆದರೆ ಮಗ ಆಫೀಸಿನಿಂದ ಬರುವುದೇ ಆ ಹೊತ್ತಿಗೆ. ಅವನಿಗೆ ಅನ್ನದ ಜೊತೆಗೆ ವಾರ್ತೆಯೂ ಬೇಕು. ಮೊನ್ನೆ ಒಂದು ರಾತ್ರಿ ಹೀಗೇ ಯಾರೋ ರಾಜಕಾರಣಿಯ ಮನೆಯ ಮೇಲೆ ದಾಳಿ ನಡೆದ ಸುದ್ದಿ ಬರುತ್ತಿತ್ತು. ಗೇಟಿನ ಮುಂದೆ ಸಾಲು ಕಾರುಗಳು, ಕೈಯಲ್ಲಿ ಫೈಲು ಹಿಡಿದು ಒಳಗೆ ಹೋಗುವ ಅಧಿಕಾರಿಗಳು, ಹೊರಗೆ ಬೆಂಬಲಿಗರ ಕೂಗಾಟ. ಆ ನಾಯಕರು ಮೈಕಿನ ಮುಂದೆ ನಿಂತು, ಇದೆಲ್ಲ ರಾಜಕೀಯ ದ್ವೇಷ ಎಂದರು. ಎದುರು ಪಕ್ಷದವರು ಬಂದು, ಕಾನೂನು ತನ್ನ ಕೆಲಸ ತಾನು ಮಾಡುತ್ತಿದೆ ಎಂದರು. ಹೆಸರು ಬದಲಾಯಿಸಿದರೆ ಇದೇ ಎರಡು ಮಾತನ್ನು ನಾನು ಐವತ್ತು ವರ್ಷದಿಂದ ಕೇಳುತ್ತಾ ಬಂದಿದ್ದೇನೆ.

"ಎಲ್ಲ ಬರೀ ಆಟ" ಎಂದು ಮಗ ತಟ್ಟೆಗೆ ತಲೆ ಬಗ್ಗಿಸಿದ. ಹುಳಿ ಬಡಿಸುತ್ತಿದ್ದ ಸೊಸೆ ಸೌಟು ಹಿಡಿದೇ ನನ್ನ ಕಡೆ ತಿರುಗಿದಳು. "ಅಲ್ಲ ಅತ್ತೆ, ದುಡ್ಡು ತಿಂದಿದ್ದು ನಿಜ ಅಂತಾದರೆ, ಹಿಡಿದವರ ಮನಸ್ಸಿನಲ್ಲಿ ಏನಿತ್ತು ಅಂತ ಕಟ್ಟಿಕೊಂಡು ನಮಗೇನಾಗಬೇಕು? ಕಳ್ಳ ಸಿಕ್ಕಿದನಲ್ಲ, ಅಷ್ಟು ಸಾಲದೇ?"

ಮೇಲ್ನೋಟಕ್ಕೆ ಸರಿಯಾದ ಪ್ರಶ್ನೆ. ಹೌದಮ್ಮ ಎಂದು ಹೇಳಿ ಮಜ್ಜಿಗೆ ಹಾಕಿಸಿಕೊಳ್ಳಬಹುದಿತ್ತು. ಆದರೆ ಮಾತು ಗಂಟಲಲ್ಲೇ ನಿಂತಿತು. ಕಂದು ಬಣ್ಣದ ರಟ್ಟು ಹಾಕಿದ ಒಂದು ಹಳೆಯ ಲೆಕ್ಕದ ಪುಸ್ತಕ ಕಣ್ಣ ಮುಂದೆ ಬಂತು. ಆ ಪುಸ್ತಕದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನನ್ನ ಅತ್ತೆಯವರ ಮಾತು ಹೇಳಬೇಕು.

ನಾನು ಮದುವೆಯಾಗಿ ಬಂದದ್ದು ಮಲೆನಾಡಿನ ಒಂದು ಸಣ್ಣ ಊರಿಗೆ. ಅದು ಆಗ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರಿತ್ತು. ಬಂದ ವರ್ಷವೇ, 1978ರ ಕೊನೆಯಲ್ಲಿ, ಇಡೀ ದೇಶ ನಮ್ಮ ಕಡೆ ತಿರುಗಿ ನೋಡುವಂಥ ಉಪಚುನಾವಣೆ ನಡೆಯಿತು. ಡಿ. ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನಕ್ಕೆ ಇಂದಿರಾ ಗಾಂಧಿಯವರು ನಿಂತಿದ್ದರು. ಎದುರಿಗೆ ಜನತಾ ಪಕ್ಷದಿಂದ ನಮ್ಮ ರಾಜ್ಯದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ನಮ್ಮ ಮಾವನವರು ತುರ್ತು ಪರಿಸ್ಥಿತಿಯನ್ನು ಕಂಡು ರೋಸಿಹೋಗಿದ್ದವರು. ಅವರ ಮತ ಪಾಟೀಲರಿಗೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಅತ್ತೆಯವರು ಮಾತ್ರ ಒಲೆಯ ಮುಂದಿನಿಂದಲೇ ಒಂದು ಮಾತು ಹೇಳಿದರು. "ಒಂದು ಹೆಂಗಸನ್ನ ಮನೆಯಿಂದ ಎಬ್ಬಿಸಿಕೊಂಡು ಹೋಗಿ, ಒಂದು ರಾತ್ರಿ ಕೂಡಿಹಾಕಿ, ಬೆಳಿಗ್ಗೆ ಏನೂ ಸಿಕ್ಕಲಿಲ್ಲ ಅಂತ ಬಿಟ್ಟರಲ್ಲ, ಇದು ನ್ಯಾಯವೇ?"

ಅವರು ಹೇಳುತ್ತಿದ್ದುದು 1977ರ ಅಕ್ಟೋಬರ್ 3ರ ಸಂಗತಿ. ಅಂದು ಸಿ.ಬಿ.ಐ. ಅಧಿಕಾರಿಗಳು ದೆಹಲಿಯಲ್ಲಿ ಇಂದಿರಾ ಗಾಂಧಿಯವರನ್ನು ದಸ್ತಗಿರಿ ಮಾಡಿದರು. ಆರೋಪ ಎರಡು: ಚುನಾವಣೆಗೆ ಬಳಸಿದ ಜೀಪುಗಳ ವಿಷಯ ಒಂದು, ಫ್ರಾನ್ಸಿನ ತೈಲ ಕಂಪನಿಯೊಂದಕ್ಕೆ ಕೊಟ್ಟ ಗುತ್ತಿಗೆಯ ವಿಷಯ ಇನ್ನೊಂದು. ಮರುದಿನ ಮ್ಯಾಜಿಸ್ಟ್ರೇಟರು, ಆರೋಪವನ್ನು ನಂಬುವುದಕ್ಕೆ ತಕ್ಕ ಆಧಾರ ತಮ್ಮ ಮುಂದೆ ಇಲ್ಲ ಎಂದು ಅವರನ್ನು ಬಿಟ್ಟುಬಿಟ್ಟರು. ತುರ್ತು ಪರಿಸ್ಥಿತಿಯ ಇಪ್ಪತ್ತೊಂದು ತಿಂಗಳಲ್ಲಿ ದೇಶಕ್ಕೆ ಆದದ್ದು ಜೀಪಿನ ಲೆಕ್ಕವಲ್ಲ. ಅದನ್ನು ವಿಚಾರಿಸುವುದಕ್ಕೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ. ಸಿ. ಶಾ ಅವರ ಆಯೋಗ ಆಗಲೇ ಕುಳಿತಿತ್ತು, ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಸಿ ಕೇಳುತ್ತಿತ್ತು. ಆ ನಿಧಾನದ ಕೆಲಸಕ್ಕೆ ಕಾಯುವ ತಾಳ್ಮೆ ಅಧಿಕಾರದಲ್ಲಿದ್ದವರಿಗೆ ಇರಲಿಲ್ಲ. ಅವರ ಅವಸರ ನಮ್ಮ ಅತ್ತೆಯವರ ಅಡುಗೆಮನೆಯವರೆಗೂ ತಲುಪಿತು. ಚುನಾವಣೆಯಲ್ಲಿ ಇಂದಿರಾ ಗಾಂಧಿಯವರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಬರೀ ಮರುಕದಿಂದಲೇ ಗೆದ್ದರು ಎಂದು ಹೇಳಲಾರೆ. ಆದರೆ ನಮ್ಮ ಬೀದಿಯ ಹೆಂಗಸರಲ್ಲಿ ಮರುಕ ಇದ್ದದ್ದನ್ನು ನಾನು ಕಣ್ಣಾರೆ ಕಂಡೆ.

ಮಾವನವರು ಸುಮ್ಮನಿರಲಿಲ್ಲ. "ಹಾಗಾದರೆ ಸ್ನೇಹಲತಾ ರೆಡ್ಡಿ ಹೆಂಗಸಲ್ಲವೇನೇ?" ಎಂದು ಕೇಳಿದರು. ಅತ್ತೆಯವರಿಗೆ ಆ ಹೆಸರು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. 'ಸಂಸ್ಕಾರ' ಚಿತ್ರದಲ್ಲಿ ಅಭಿನಯಿಸಿದ್ದವರು. 1976ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಮೊಕದ್ದಮೆಯ ನಂಟು ಹಚ್ಚಿ ಅವರನ್ನು ಹಿಡಿದರು. ಕೊನೆಗೆ ಸಿ.ಬಿ.ಐ. ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯಿದೆಯಡಿ ಬೆಂಗಳೂರಿನ ಸೆರೆಮನೆಯಲ್ಲೇ ಇಟ್ಟುಕೊಂಡರು. ಆಕೆಗೆ ಉಬ್ಬಸ. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಆ ಬರೋಡಾ ಮೊಕದ್ದಮೆಯ ಕಥೆಯೂ ಹಾಗೇ ಮುಗಿಯಿತು. ಜಾರ್ಜ್ ಫರ್ನಾಂಡಿಸ್ ಮುಂತಾದವರ ಮೇಲೆ ಆರೋಪ ಹೊರಿಸಿದ್ದು ಒಂದು ಸರ್ಕಾರ. 1977ರಲ್ಲಿ ಜನತಾ ಪಕ್ಷ ಗೆದ್ದ ಕೂಡಲೇ ಮೊಕದ್ದಮೆಯನ್ನು ವಾಪಸು ಪಡೆದದ್ದು ಇನ್ನೊಂದು ಸರ್ಕಾರ. ಆ ವಾಪಸಾತಿ ಸರಿ ಎಂದು ಸುಪ್ರೀಂ ಕೋರ್ಟು 1980ರಲ್ಲಿ ಹೇಳಿತು. ಸರಿಯೇ ಇರಬಹುದು. ಆದರೆ ಆರೋಪಪಟ್ಟಿಯಲ್ಲಿ ಬರೆದದ್ದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಸಾಕ್ಷಿ ಕೇಳಿ ಹೇಳುವ ದಿನ ಯಾವ ಕೋರ್ಟಿಗೂ ಬರಲೇ ಇಲ್ಲ.

ಆ ದಿನ ಮಾವನವರ ಮಾತಿಗೆ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೂ ಅನ್ಯಾಯ, ಇವಳಿಗೂ ಅನ್ಯಾಯ. ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಆರಿಸೋಕೆ ಹೋಗೋರೇ ಎಲ್ಲ" ಎಂದರು. ನನಗೆ ಆಗ ಇಪ್ಪತ್ತೊಂದು ವರ್ಷ. ಹಳೆಯ ಕಾಲದವರ ಗಾದೆ ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ಆ ಗಾದೆ ನನ್ನ ಎಲೆಗೇ ಬಂದು ಬೀಳುವುದಕ್ಕೆ ಎಂಟು ವರ್ಷ ಹಿಡಿಯಿತು.

ಈಗ ಆ ಕಂದು ರಟ್ಟಿನ ಪುಸ್ತಕದ ವಿಷಯ. ನಮ್ಮ ಊರಿನಲ್ಲಿ ಒಂದು ಮಹಿಳಾ ಸಮಾಜವಿತ್ತು. ಹೊಲಿಗೆ ಕ್ಲಾಸು, ಶಿಶುವಿಹಾರ, ವರ್ಷಕ್ಕೊಂದು ವಾರ್ಷಿಕೋತ್ಸವ, ಮಧ್ಯಾಹ್ನದ ಹೊತ್ತು ನಾಲ್ಕು ಮಾತು. ನಮ್ಮಂಥವರಿಗೆ ಮನೆಯಿಂದ ಹೊರಗೆ ಕಾಲಿಡುವುದಕ್ಕೆ ಇದ್ದ ಒಂದೇ ಜಾಗ ಅದು. 1986ರಲ್ಲಿ ಅಲ್ಲಿ ಎರಡು ಗುಂಪಾಯಿತು. ಸಮಾಜದ ಹಾಲನ್ನು ಮದುವೆಗಳಿಗೆ ಬಾಡಿಗೆಗೆ ಕೊಡಬೇಕೋ ಬೇಡವೋ ಎಂಬುದೇ ಜಗಳ. ಈಗ ನೆನೆದರೆ ನಗು ಬರುತ್ತದೆ. ಆಗ ಮಾತ್ರ ಎದುರು ಗುಂಪಿನವರು ಸಂತೆಯಲ್ಲಿ ಸಿಕ್ಕರೆ ನಾವು ಸೊಪ್ಪಿನ ಅಂಗಡಿಯ ಕಡೆ ಮುಖ ತಿರುಗಿಸುತ್ತಿದ್ದೆವು. ಚುನಾವಣೆಯಲ್ಲಿ ನಮ್ಮ ಗುಂಪು ಗೆದ್ದಿತು. ನಾನು ಕಾರ್ಯದರ್ಶಿಯಾದೆ.

ಹೊಸ ಅಧ್ಯಕ್ಷರು ನನ್ನನ್ನು ಬಹಳ ಹಚ್ಚಿಕೊಂಡಿದ್ದವರು. ಒಂದು ದಿನ ಬೀಗದ ಕೈ ಗೊಂಚಲು ಕೈಗಿಟ್ಟು, "ಹಿಂದಿನ ಎರಡು ವರ್ಷದ ಲೆಕ್ಕ ಸ್ವಲ್ಪ ನೋಡಮ್ಮಾ. ನೀನು ಓದಿದವಳು" ಎಂದರು. ಆ ಎರಡು ವರ್ಷ ಖಜಾಂಚಿಯಾಗಿದ್ದವರು ಎದುರು ಗುಂಪಿನ ಹಿರಿಯರು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ನನಗೆ ಹೊಲಿಗೆ ಯಂತ್ರದ ಮುಂದೆ ಮೊದಲು ಕೂರಿಸಿದವರೂ ಅವರೇ.

ಮೂರು ರಾತ್ರಿ ಕೂತು ನೋಡಿದೆ. ಹೊಲಿಗೆ ಯಂತ್ರಗಳ ರಿಪೇರಿ ಎಂದು ಬರೆದ ಹಣಕ್ಕೆ ರಸೀದಿ ಇರಲಿಲ್ಲ. ರಾಜ್ಯೋತ್ಸವದ ಊಟಕ್ಕೆ ತಂದ ಅಕ್ಕಿಯ ಬಿಲ್ಲಿಗೂ ಪುಸ್ತಕದಲ್ಲಿ ಬರೆದ ಮೊತ್ತಕ್ಕೂ ತಾಳೆಯಾಗಲಿಲ್ಲ. ಎಲ್ಲ ಸೇರಿ 685 ರೂಪಾಯಿ. ಆ ಕಾಲಕ್ಕೆ ಅದು ಕಡಿಮೆ ಹಣವಲ್ಲ. ನಾನು ಒಂದು ಪೈಸೆಯನ್ನೂ ಸೇರಿಸಲಿಲ್ಲ, ಒಂದು ಅಂಕಿಯನ್ನೂ ತಿದ್ದಲಿಲ್ಲ. ಇದನ್ನು ಇವತ್ತಿಗೂ ದೇವರ ಮುಂದೆ ನಿಂತು ಹೇಳಬಲ್ಲೆ. ಸರ್ವಸದಸ್ಯರ ಸಭೆಯಲ್ಲಿ ಆ ಪಟ್ಟಿಯನ್ನು ಗಟ್ಟಿಯಾಗಿ ಓದಿದೆ.

ಅಕ್ಕ ಎದ್ದು ನಿಂತರು. "ರಸೀದಿ ಇಲ್ಲ, ನಿಜ" ಎಂದರು. ಆಮೇಲೆ ನನ್ನ ಮುಖ ನೋಡಿ, "ಆದರೆ ನನ್ನ ಎರಡು ವರ್ಷ ಮಾತ್ರ ಯಾಕೆ ನೋಡಿದೆ ಮಗೂ? ಅದರ ಹಿಂದಿನ ಪುಸ್ತಕಗಳೂ ಅದೇ ಬೀರುವಿನಲ್ಲೇ ಇದ್ದವಲ್ಲ?" ಎಂದು ಕೇಳಿದರು.

"ಈಗ ಮಾತು ಬಂದಿರೋದು ನಿಮ್ಮ ಲೆಕ್ಕದ್ದು" ಎಂದೆ. ನಮ್ಮ ಗುಂಪಿನವರು ಚಪ್ಪಾಳೆ ತಟ್ಟಿದರು. ಮರುದಿನ ಅಕ್ಕ ಮಗನ ಕೈಯಲ್ಲಿ 685 ರೂಪಾಯಿ ಕಳಿಸಿಕೊಟ್ಟರು. ನಾನು ರಸೀದಿ ಬರೆದುಕೊಟ್ಟೆ. ಅವರು ಮತ್ತೆಂದೂ ಸಮಾಜದ ಮೆಟ್ಟಿಲು ಹತ್ತಲಿಲ್ಲ.

ನಾಲ್ಕೈದು ತಿಂಗಳು ಕಳೆದ ಮೇಲೆ, ಕರೆಂಟಿನ ಠೇವಣಿ ರಸೀದಿ ಹುಡುಕುತ್ತಾ ಬೀರು ತೆಗೆದೆ. ಕೆಳಗಿನ ಅರೆಯಲ್ಲಿ ಆ ಕಂದು ರಟ್ಟಿನ ಪುಸ್ತಕ ಸಿಕ್ಕಿತು. ಅಕ್ಕನಿಗಿಂತ ಮುಂಚಿನ ವರ್ಷಗಳದ್ದು. ಆಗ ಖಜಾಂಚಿಯಾಗಿದ್ದವರು ನಮ್ಮ ಹೊಸ ಅಧ್ಯಕ್ಷರೇ. ಪುಟ ತಿರುಗಿಸಿದೆ. ಅಲ್ಲಿಯೂ ರಸೀದಿ ಇಲ್ಲದ ಖರ್ಚುಗಳು. ಸುಮ್ಮನೆ ಬೆರಳು ಮಡಚಿ ಕೂಡಿದರೇ ಸಾವಿರ ದಾಟಿತು. ಹೊರಗೆ ಶಿಶುವಿಹಾರದ ಮಕ್ಕಳು ಮನೆಗೆ ಹೋಗುವ ಗಲಾಟೆ. ನಾನು ಬಾಗಿಲ ಕಡೆ ಒಮ್ಮೆ ನೋಡಿ, ಪುಸ್ತಕ ಮುಚ್ಚಿ, ಇದ್ದಲ್ಲೇ ಇಟ್ಟು, ಬೀಗ ಹಾಕಿದೆ. ರಾತ್ರಿ ಯಜಮಾನರಿಗೆ ಹೇಳಿದೆ. "ಹಳೇದನ್ನು ಕೆದಕಿ ಯಾಕೆ ತಲೆನೋವು ತಂದುಕೊಳ್ಳುತ್ತೀಯ, ಬಿಡು" ಎಂದರು. ಅವರು ಹಾಗೆನ್ನಲಿ ಎಂದೇ ನಾನು ಅವರಿಗೆ ಹೇಳಿದ್ದೆನೋ ಏನೋ. ಬಿಟ್ಟೆ.

ಸೊಸೆ ಕೇಳಿದ ಪ್ರಶ್ನೆಗೆ ನಾನು ತಡವರಿಸಿದ್ದು ಇದಕ್ಕೆ. ಕಳ್ಳ ಸಿಕ್ಕಿದ ಮೇಲೆ ಹಿಡಿದವರ ಮನಸ್ಸು ಏನಾದರೇನು ಎಂದು ಅವಳು ಕೇಳುತ್ತಾಳೆ. ನನ್ನ ಪಟ್ಟಿಯೂ ನಿಜವಾಗಿತ್ತು. ನಿಜವಾದ ಪಟ್ಟಿಯನ್ನು ಓದಿದ ನಾನು ನ್ಯಾಯ ಮಾಡಿದೆನೇ?

ಈ ಪ್ರಶ್ನೆ ದೊಡ್ಡ ನ್ಯಾಯಾಲಯಗಳ ಮುಂದೆಯೂ ಬಂದಿದೆ. ಬಿಹಾರದ ಒಂದು ಸಹಕಾರಿ ಬ್ಯಾಂಕಿನ ಅವ್ಯವಹಾರದ ವಿಷಯದಲ್ಲಿ ಜಗನ್ನಾಥ ಮಿಶ್ರ ಅವರ ಮೇಲೆ 1979ರಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ಆಗ ಅಲ್ಲಿ ಇದ್ದದ್ದು ಅವರ ಎದುರಾಳಿಗಳ ಸರ್ಕಾರ. 1980ರಲ್ಲಿ ಮಿಶ್ರ ಅವರೇ ಮುಖ್ಯಮಂತ್ರಿಯಾದರು. 1981ರಲ್ಲಿ ಅವರದೇ ಸರ್ಕಾರದ ವಕೀಲರು ಮೊಕದ್ದಮೆ ವಾಪಸು ಪಡೆಯಲು ಅರ್ಜಿ ಹಾಕಿದರು. ಇದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. ಸಾಕಷ್ಟು ಪುರಾವೆ ಇದ್ದರೆ, ದೂರು ಕೊಟ್ಟವನ ರಾಜಕೀಯ ದ್ವೇಷದ ಕಾರಣಕ್ಕೇ ಮೊಕದ್ದಮೆ ಕೆಟ್ಟುಹೋಗುವುದಿಲ್ಲ ಎಂಬ ಅಭಿಪ್ರಾಯವನ್ನು ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಬರೆದರು. ಇದು ನನ್ನ ಸೊಸೆಯ ಮಾತೇ. ಆದರೆ ಆ ಮೊಕದ್ದಮೆಯಲ್ಲಿ ಭಗವತಿಯವರದು ಅಲ್ಪಮತ. ಮೂವರು ಒಂದು ಕಡೆ, ಇಬ್ಬರು ಒಂದು ಕಡೆ ಆಗಿ, ವಾಪಸಾತಿಗೆ ಒಪ್ಪಿಗೆ ಸಿಕ್ಕಿತು. ಅಲ್ಲಿಯೂ ಹಣದ ವಿಷಯದ ಪ್ರಶ್ನೆ ಸಾಕ್ಷಿಕಟ್ಟೆ ಹತ್ತಲಿಲ್ಲ.

ಭಗವತಿಯವರ ಮಾತಿನಲ್ಲಿ ಸತ್ಯವಿದೆ. ಯೋಚಿಸಿ ನೋಡಿ, ದೂರು ಕೊಡುವವರು ಯಾರು? ನೆಮ್ಮದಿಯಾಗಿರುವ ಗೆಳೆಯ ದೂರು ಕೊಡುವುದಿಲ್ಲ. ಜಗಳವಾಡಿದ ಪಾಲುದಾರ ಕೊಡುತ್ತಾನೆ, ಆಸ್ತಿ ಸಿಗದ ದಾಯಾದಿ ಕೊಡುತ್ತಾನೆ, ಸೋತ ಅಭ್ಯರ್ಥಿ ಕೊಡುತ್ತಾನೆ. ಹೊಟ್ಟೆಕಿಚ್ಚಿನವರು ಬಾಯಿ ಬಿಡದೆ ಇದ್ದಿದ್ದರೆ ನಮ್ಮ ಊರಿನ ಎಷ್ಟೋ ಕಳ್ಳತನಗಳು ಬೆಳಕಿಗೇ ಬರುತ್ತಿರಲಿಲ್ಲ. ಹುಟ್ಟಿದ್ದು ದ್ವೇಷದಲ್ಲಿ ಎಂಬ ಕಾರಣಕ್ಕೆ ಒಂದು ದೂರನ್ನು ತಳ್ಳಿಹಾಕಿದರೆ, ಅಧಿಕಾರದಲ್ಲಿರುವ ಕಳ್ಳನಿಗೆ ಅದಕ್ಕಿಂತ ಒಳ್ಳೆಯ ಕೊಡೆ ಬೇರೆ ಬೇಕಿಲ್ಲ. 2023ರಲ್ಲಿ ಹದಿನಾಲ್ಕು ವಿರೋಧ ಪಕ್ಷಗಳು, ಕೇಂದ್ರದ ತನಿಖಾ ಸಂಸ್ಥೆಗಳು ತಮ್ಮವರನ್ನೇ ಗುರಿಯಿಡುತ್ತಿವೆ ಎಂದು ಸುಪ್ರೀಂ ಕೋರ್ಟಿಗೆ ಹೋದವು. ರಾಜಕಾರಣಿಗೆಂದು ಸಾಮಾನ್ಯ ಪ್ರಜೆಗಿಲ್ಲದ ಬೇರೆ ರಕ್ಷಣೆ ಇಲ್ಲ, ಒಂದೊಂದು ಮೊಕದ್ದಮೆಯ ಸಂಗತಿ ಹಿಡಿದು ಬನ್ನಿ ಎಂಬರ್ಥದ ಮಾತನ್ನು ಕೋರ್ಟು ಹೇಳಿತು. ಅರ್ಜಿ ವಾಪಸಾಯಿತು. ಆ ಮಾತನ್ನು ತಪ್ಪು ಎನ್ನಲಾರೆ. ಶಾಸಕನ ಮನೆಗೊಂದು ಕಾನೂನು, ಗುಮಾಸ್ತನ ಮನೆಗೊಂದು ಕಾನೂನು ಆಗಬಾರದು.

ಹಾಗಾದರೆ ತಪ್ಪು ಎಲ್ಲಿದೆ? ನನ್ನ ಲೆಕ್ಕದ ಪುಸ್ತಕದಿಂದ ನಾನು ಕಲಿತದ್ದು ಇಷ್ಟು. ಪಕ್ಷಪಾತ ಸಾಮಾನ್ಯವಾಗಿ ಸುಳ್ಳನ್ನು ನಿಜ ಮಾಡುವುದಿಲ್ಲ. ಹಾಗೆ ಮಾಡುವ ಕಡು ಪಾಪಿಗಳೂ ಇದ್ದಾರೆ, ಅವರ ಮಾತು ಬೇರೆ. ನಮ್ಮ ನಿಮ್ಮಂಥವರ ಪಕ್ಷಪಾತ ಯಾವ ಪುಸ್ತಕ ತೆರೆಯಬೇಕು ಎಂದು ಆರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲಿ ಮುಚ್ಚಬೇಕು ಎಂದು ಆರಿಸುತ್ತದೆ. ತನಿಖೆ ಶುರುವಾದ ಜಾಗದಲ್ಲಿ ದ್ವೇಷವಿದ್ದರೆ ಅದನ್ನು ಹೇಗೋ ಸಹಿಸಬಹುದು. ಅದು ನಿಂತ ಜಾಗದಲ್ಲಿ ಏನಿದೆ ಎಂದು ನೋಡಬೇಕು.

ದೇಶದ ದೊಡ್ಡ ಪುಸ್ತಕಗಳನ್ನೂ ಈ ಕಣ್ಣಿನಿಂದ ನೋಡಿ. 1991ರಲ್ಲಿ ನಡೆದ ಒಂದು ಶೋಧನೆಯಲ್ಲಿ ಜೈನ್ ಸೋದರರ ಡೈರಿಗಳು ಸಿ.ಬಿ.ಐ. ಕೈಗೆ ಸಿಕ್ಕವು. ಅದರಲ್ಲಿ ಹೆಸರಿನ ಮೊದಲಕ್ಷರಗಳು, ಪಕ್ಕದಲ್ಲಿ ಮೊತ್ತಗಳು. ಎಲ್ಲ ಪಕ್ಷದ ದೊಡ್ಡವರಿಗೂ ಹೊಂದುವಂಥವು ಎಂದು ಹೇಳಲಾಯಿತು. ಎಲ್ಲರ ಎಲೆಯಲ್ಲೂ ನೊಣವಿರುವಾಗ ಯಾರಿಗೂ ಆರಿಸುವ ಅವಸರವಿರಲಿಲ್ಲ. ಡೈರಿಗಳು ಹಾಗೇ ಬಿದ್ದಿದ್ದವು. 1993ರಲ್ಲಿ ಪತ್ರಕರ್ತ ವಿನೀತ್ ನಾರಾಯಣ್ ಮತ್ತಿತರರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ, ಕೋರ್ಟು ಬೆನ್ನ ಹಿಂದೆ ನಿಂತು ನೋಡತೊಡಗಿದ ಮೇಲೆ, 1996ರಲ್ಲಿ ಆರೋಪಪಟ್ಟಿಗಳು ಬಂದವು. ಎಲ್. ಕೆ. ಅಡ್ವಾಣಿಯವರು ನಿರ್ದೋಷಿ ಎಂದು ತೀರ್ಮಾನವಾಗುವವರೆಗೆ ಲೋಕಸಭೆಗೆ ಬರುವುದಿಲ್ಲ ಎಂದು ಸ್ಥಾನ ಬಿಟ್ಟರು. 1997ರಲ್ಲಿ ದೆಹಲಿ ಹೈಕೋರ್ಟು, ಡೈರಿಯ ಬರಹವೊಂದೇ ಪುರಾವೆಯಾಗದು ಎಂದು ಅವರ ಮೇಲಿನ ಆರೋಪವನ್ನು ರದ್ದುಮಾಡಿತು. ಅದನ್ನು ಸುಪ್ರೀಂ ಕೋರ್ಟು 1998ರಲ್ಲಿ ಒಪ್ಪಿತು. ಸಿಕ್ಕ ಕೂಡಲೇ ಒಂದೊಂದು ಮೊತ್ತದ ಬೆನ್ನುಹತ್ತಿದ್ದರೆ ಏನು ಸಿಗುತ್ತಿತ್ತು? ಈಗ ಯಾರು ಹೇಳಬಲ್ಲರು? ತಪ್ಪು ಮಾಡಿದವರಿದ್ದರೆ ಬಚಾವಾದರು. ಮಾಡದವರಿದ್ದರೆ, ಪೂರ್ತಿ ವಿಚಾರಣೆ ನಡೆದು ತೊಳೆದುಕೊಂಡ ಹೆಸರು ಅವರಿಗೂ ದಕ್ಕಲಿಲ್ಲ.

ಆ ಮೊಕದ್ದಮೆಯಿಂದ ಒಂದು ಒಳ್ಳೆಯದಾಯಿತು. 1997ರ ಡಿಸೆಂಬರ್ 18ರಂದು ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಪೀಠ ಕೊಟ್ಟ ತೀರ್ಪಿನಲ್ಲಿ, ಸಿ.ಬಿ.ಐ. ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು, ಕೇಂದ್ರ ಜಾಗೃತ ಆಯೋಗಕ್ಕೆ ಕಾನೂನಿನ ಬಲ ಬೇಕು ಎಂದು ಹೇಳಿತು. ಹಿರಿಯ ಅಧಿಕಾರಿಗಳ ವಿಚಾರಣೆಗೆ ಮೊದಲು ಸರ್ಕಾರದ ಅಪ್ಪಣೆ ಪಡೆಯಬೇಕೆಂಬ ಆದೇಶವನ್ನು ತೆಗೆದುಹಾಕಿತು. ಪೊಲೀಸ್ ಸುಧಾರಣೆಯ ಬಗ್ಗೆ 2006ರಲ್ಲಿ ಬಂದ ಇನ್ನೊಂದು ತೀರ್ಪು, ತನಿಖೆ ಮಾಡುವ ಪೊಲೀಸರನ್ನು ಬಂದೋಬಸ್ತಿನ ಪೊಲೀಸರಿಂದ ಬೇರೆ ಮಾಡಿ ಎಂದಿತು. ಮನೆಯ ಭಾಷೆಯಲ್ಲಿ ಹೇಳುವುದಾದರೆ, ಲೆಕ್ಕ ನೋಡುವವಳ ಕೈಗೆ ಬೀಗದ ಕೈ ಕೊಟ್ಟ ಮೇಲೆ ಅದನ್ನು ನಡುವೆ ಕಿತ್ತುಕೊಳ್ಳಬೇಡಿ ಎಂದರ್ಥ.

ಆದರೆ ಅಭ್ಯಾಸ ಬಿಟ್ಟುಹೋಗಲಿಲ್ಲ. 2013ರಲ್ಲಿ ಕಲ್ಲಿದ್ದಲು ಹಂಚಿಕೆಯ ತನಿಖೆಯ ವರದಿ ಕೋರ್ಟಿಗೆ ಹೋಗುವ ಮೊದಲು ಕಾನೂನು ಮಂತ್ರಿಗಳ ಕಣ್ಣಿಗೆ ಬಿದ್ದಿತ್ತು ಎಂದು ಗೊತ್ತಾದಾಗ, ಸುಪ್ರೀಂ ಕೋರ್ಟು ಸಿ.ಬಿ.ಐ.ಯನ್ನು ಯಜಮಾನನ ದನಿಯಲ್ಲಿ ಮಾತಾಡುವ ಪಂಜರದ ಗಿಳಿಗೆ ಹೋಲಿಸಿತು. ಆಗ ಇದ್ದ ಯಜಮಾನರು ಒಂದು ಪಕ್ಷದವರು. ಹನ್ನೊಂದು ವರ್ಷದ ಮೇಲೆ, 2024ರಲ್ಲಿ, ಇನ್ನೊಂದು ಪಕ್ಷ ಆಳುತ್ತಿರುವಾಗ, ಅದೇ ಕೋರ್ಟಿನ ನ್ಯಾಯಮೂರ್ತಿಯೊಬ್ಬರು ಆ ಪಂಜರದ ಗಿಳಿಯ ಮಾತನ್ನು ಮತ್ತೆ ನೆನಪಿಸಬೇಕಾಯಿತು.

ನಮ್ಮ ರಾಜ್ಯದವರೇನು ಕಡಿಮೆಯಿಲ್ಲ. ಲೋಕಾಯುಕ್ತಕ್ಕೆ 1984ರಲ್ಲಿ ಕಾಯಿದೆ ಮಾಡಿ, ಇಡೀ ದೇಶಕ್ಕೆ ತೋರಿಸಿಕೊಂಡು ಹೆಮ್ಮೆಪಟ್ಟೆವು. 2016ರಲ್ಲಿ ಅದರ ಪೊಲೀಸರ ತನಿಖೆಯ ಅಧಿಕಾರ ಕಸಿದು, ಸರ್ಕಾರದ ಕೈಕೆಳಗಿನ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಕೊಟ್ಟೆವು. ವಿರೋಧ ಪಕ್ಷದಲ್ಲಿದ್ದಾಗ ಅದನ್ನು ಟೀಕಿಸಿದವರು, ಅಧಿಕಾರಕ್ಕೆ ಬಂದ ಮೇಲೆ ತಾವಾಗಿ ತೆಗೆಯಲಿಲ್ಲ. 2022ರ ಆಗಸ್ಟಿನಲ್ಲಿ ಹೈಕೋರ್ಟು ತೆಗೆದುಹಾಕಬೇಕಾಯಿತು. ರಾಜ್ಯದ ಒಬ್ಬ ದೊಡ್ಡ ನಾಯಕರ ಆಸ್ತಿಯ ತನಿಖೆಗೆ 2019ರಲ್ಲಿ ಒಂದು ಸರ್ಕಾರ ಸಿ.ಬಿ.ಐ.ಗೆ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಅವರದೇ ಪಕ್ಷದ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಕೊಟ್ಟದ್ದು ನ್ಯಾಯವೋ, ಹಿಂದಕ್ಕೆ ಪಡೆದದ್ದು ನ್ಯಾಯವೋ ಎಂದು ನಾನು ತೀರ್ಪು ಹೇಳುವವಳಲ್ಲ. ಬೀಗದ ಕೈ ಗೊಂಚಲು ಕೈ ಬದಲಾಯಿಸಿದ ಸದ್ದು ಮಾತ್ರ ನನ್ನ ಕಿವಿಗೆ ಪರಿಚಯದ್ದು.

ಇಂದಿರಾ ಗಾಂಧಿಯವರ ಕಥೆಗೂ ಇಂಥದೇ ಕೊನೆ ಇದೆ. ಮಾರುತಿ ಕಾರಿನ ವಿಷಯದಲ್ಲಿ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿ ಮಾಡಿದರು ಎಂಬ ಆರೋಪದ ಮೇಲೆ, 1978ರ ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಹೊರಹಾಕಿ ಜೈಲಿಗೆ ಕಳಿಸಿತು. ನಮ್ಮ ಕ್ಷೇತ್ರದವರು ಆರಿಸಿ ಕಳಿಸಿ ಎರಡು ತಿಂಗಳೂ ಆಗಿರಲಿಲ್ಲ. 1980ರಲ್ಲಿ ಅವರು ಮತ್ತೆ ಪ್ರಧಾನಿಯಾದರು. 1981ರಲ್ಲಿ ಹೊಸ ಲೋಕಸಭೆ ಹಳೆಯ ಲೋಕಸಭೆಯ ಆ ತೀರ್ಮಾನವನ್ನೇ ಅಳಿಸಿಹಾಕಿತು. ಶಾ ಆಯೋಗದ ವರದಿಗಳ ಮೇಲೆ ನಡೆಯಬೇಕಿದ್ದ ಕೆಲಸವೂ ಅಲ್ಲಿಗೆ ನಿಂತಿತು. ತುರ್ತು ಪರಿಸ್ಥಿತಿಯಲ್ಲಿ ನೊಂದವರಿಗೆ ಉತ್ತರ ಸಿಗಲಿಲ್ಲ. ನಮ್ಮ ಅತ್ತೆಯವರ ಮರುಕದಲ್ಲಿ ತಪ್ಪಿರಲಿಲ್ಲ, ಮಾವನವರ ಕೋಪದಲ್ಲೂ ತಪ್ಪಿರಲಿಲ್ಲ. ಅವಸರದ ಒಂದು ದಸ್ತಗಿರಿ ಇಬ್ಬರಿಗೂ ಮೋಸ ಮಾಡಿತು.

ಅಕ್ಕನ ಕಥೆ ಇನ್ನೂ ಮುಗಿದಿಲ್ಲ. 2009ರಲ್ಲಿ, ಅವರಿಗೆ ಕಣ್ಣು ಮಂಜಾಗಿದೆ, ಮಗನ ಮನೆಯಲ್ಲಿದ್ದಾರೆ ಎಂದು ಕೇಳಿ ನೋಡಲು ಹೋದೆ. ಅಷ್ಟು ಹೊತ್ತಿಗೆ ನಮ್ಮ ಅಧ್ಯಕ್ಷರು ತೀರಿಕೊಂಡು ವರ್ಷಗಳಾಗಿದ್ದವು. ಅಕ್ಕ ನನ್ನ ದನಿಯಿಂದಲೇ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಸೊಸೆ ಕಾಫಿ ತಂದಿಟ್ಟರು. ನಾನು ಇಪ್ಪತ್ತಮೂರು ವರ್ಷ ಒಳಗಿಟ್ಟುಕೊಂಡಿದ್ದ ಮಾತನ್ನು ಹೇಳಿದೆ. ಕಂದು ಪುಸ್ತಕ ನೋಡಿದ್ದು, ಮುಚ್ಚಿಟ್ಟದ್ದು, ಎಲ್ಲ. "ನಿಮ್ಮದೊಂದೇ ಲೆಕ್ಕ ನೋಡಿದ್ದು ನನ್ನ ತಪ್ಪು ಅಕ್ಕ" ಎಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಅವಳ ಲೆಕ್ಕದ ಮಾತು ಹಾಗಿರಲಿ. ನನ್ನ ಲೆಕ್ಕವನ್ನಾದರೂ ನೀನು ಪೂರ್ತಿ ನೋಡಿದೆಯೇನೇ? ಆ ದುಡ್ಡು ಎಲ್ಲಿಗೆ ಹೋಯಿತು ಅಂತ ಅವತ್ತೂ ಕೇಳಲಿಲ್ಲ, ಇವತ್ತೂ ಕೇಳಲಿಲ್ಲವಲ್ಲ" ಎಂದರು.

ನನಗೆ ಮೈಯೆಲ್ಲ ತಣ್ಣಗಾಯಿತು. ನಿಜ, ನಾನು ಕೇಳಿರಲಿಲ್ಲ. ರಸೀದಿ ಇಲ್ಲ ಎಂಬುದು ನಮಗೆ ಸಾಕಾಗಿತ್ತು. ರಿಪೇರಿಯವನನ್ನು ಹುಡುಕಿ ವಿಚಾರಿಸಬಹುದಿತ್ತು, ಅಕ್ಕಿ ಅಂಗಡಿಯವರನ್ನು ಕೇಳಬಹುದಿತ್ತು. ಅಕ್ಕನನ್ನು ಸಭೆಗೆ ಮೊದಲು ಮನೆಗೆ ಹೋಗಿ ಕೇಳಬಹುದಿತ್ತು. ಅವರು ತಿಂದಿದ್ದರೆ ಅದು ಗೊತ್ತಾಗುತ್ತಿತ್ತು, ತಿನ್ನದಿದ್ದರೆ ಅದೂ ಗೊತ್ತಾಗುತ್ತಿತ್ತು. ನಮಗೆ ಬೇಕಾಗಿದ್ದು ಅದಲ್ಲ. ಅವರು ತಲೆ ತಗ್ಗಿಸಿದರೆ ಸಾಕಾಗಿತ್ತು, ತಗ್ಗಿಸಿದ ಕೂಡಲೇ ನಮ್ಮ ವಿಚಾರಣೆ ಮುಗಿದಿತ್ತು.

"ಈಗ ಹೇಳಿ ಅಕ್ಕ" ಎಂದೆ.

"ಈಗ ಯಾಕೆ ಬಿಡು. ಕಾಫಿ ಆರುತ್ತೆ, ಕುಡಿ" ಎಂದರು.

ಅವರು ಈಗ ಇಲ್ಲ. ಆ 685 ರೂಪಾಯಿಯ ವಿಷಯ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿಯೂ ಉಳಿದಿಲ್ಲ.

ಇದೆಲ್ಲವನ್ನೂ ಮೊನ್ನೆ ರಾತ್ರಿ ಸೊಸೆಗೆ ಹೇಳಿದೆ. ಪಾತ್ರೆಗಳನ್ನು ಸಿಂಕಿಗೆ ಹಾಕಿ, ಅಡುಗೆಮನೆಯ ಕಟ್ಟೆ ಒರೆಸುತ್ತಾ ಅವಳು ಕೇಳಿದಳು. "ಹಾಗಾದರೆ ದಾಳಿ ಆದಾಗ ನಾವು ಯಾರನ್ನ ನಂಬಬೇಕು ಅತ್ತೆ? ಇವರೂ ಸುಳ್ಳು, ಅವರೂ ಸುಳ್ಳು ಅಂದರೆ ಕಳ್ಳರಿಗೇ ಅನುಕೂಲವಲ್ಲವೇ?"

ಅದೂ ನಿಜವೇ. ಎಲ್ಲ ಆಟ ಎಂದು ನನ್ನ ಮಗನ ಹಾಗೆ ತಲೆ ಬಗ್ಗಿಸಿ ಉಂಡರೆ ಕಳ್ಳರಿಗೂ ಖುಷಿ, ಕಳ್ಳರನ್ನು ಅಸ್ತ್ರ ಮಾಡಿಕೊಳ್ಳುವವರಿಗೂ ಖುಷಿ. ಆದ್ದರಿಂದ ಅವಳಿಗೆ ಇಷ್ಟು ಹೇಳಿದೆ. ದಾಳಿಯಾದ ದಿನ ಯಾರನ್ನೂ ನಂಬಬೇಡ, ಯಾರನ್ನೂ ದೂರಬೇಡ. ಹೆಸರು ಮಾತ್ರ ನೆನಪಿಟ್ಟುಕೋ. ಆರು ತಿಂಗಳಾದ ಮೇಲೆ, ವರ್ಷವಾದ ಮೇಲೆ, ಟಿ.ವಿ.ಯವರು ಮರೆತ ಮೇಲೆ, ಆ ಮೊಕದ್ದಮೆ ಏನಾಯಿತು ಎಂದು ನೋಡು. ಆರೋಪಪಟ್ಟಿ ಬಂತೇ? ಸಾಕ್ಷಿ ನಡೆಯಿತೇ? ಆ ಮನುಷ್ಯ ಪಕ್ಷ ಬದಲಾಯಿಸಿದ ಮೇಲೆ ಫೈಲು ನಿದ್ದೆಹೋಯಿತೇ? ನಿನಗೆ ಇಷ್ಟವಾದ ಪಕ್ಷದವರ ವಿಷಯದಲ್ಲಿ ಇದನ್ನು ಮೊದಲು ನೋಡು. ನಮಗೆ ಬೇಕಾದವರ ಪುಸ್ತಕ ತೆರೆಯುವಾಗಲೇ ಕೈ ನಡುಗುವುದು.

ಅವಳು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೂಲೆಯಲ್ಲಿ ನೋಡಿದೆ. ಆ ನಾಯಕರ ಹೆಸರನ್ನೂ ದಾಳಿಯ ತಾರೀಖನ್ನೂ ಸಣ್ಣ ಅಕ್ಷರದಲ್ಲಿ ಬರೆದಿದ್ದಳು. ಕೆಳಗೆ ಇನ್ನೊಂದು ಹೆಸರು, ಎರಡು ವರ್ಷ ಹಿಂದಿನ ಒಂದು ತಾರೀಖು. ಅದು ಅವಳು ಪ್ರತಿ ಸಲ ಮತ ಹಾಕುವ ಪಕ್ಷದವರದು.